ಹಾಡದವರಿಗೆ ಬಿಸಿನೀರಿಲ್ಲ

ನಾನು ಹುಟ್ಟಾ ಪುಕ್ಕಲಿ. ಹೊಲಿಗೆ ಮಿಷನ್ನಿನ ಮುಂದೆ ಕೂತಿರುವಷ್ಟು ಹೊತ್ತು ಮಾತ್ರ ನನಗೆ ಧೈರ್ಯ. ಎದ್ದು ಬೀದಿಗೆ ಬಂದರೆ ನಾಯಿಯಿಂದ ಹಿಡಿದು ಲಿಫ್ಟಿನವರೆಗೆ ಎಲ್ಲಕ್ಕೂ ಎದೆ ಡವಡವ ಅನ್ನುತ್ತದೆ. ಇಂಥವಳ ಕೈಗೆ ಅಕ್ಕ ತನ್ನ ಒಬ್ಬಳೇ ಮಗಳನ್ನು ಒಪ್ಪಿಸಿ, "ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳೇ, ಹೇಗೆ ಕರ್ಕೊಂಡು ಹೋಗ್ತೀಯೋ ಹಾಗೇ ವಾಪಸ್ ತಂದು ಬಿಡು," ಎಂದು ಬಸ್ಸು ಹತ್ತಿಸಿದ್ದಳು. ತಾನೇ ಬರೋಣವೆಂದರೆ ಅವಳ ಮೊಣಕಾಲು ಕೈಕೊಟ್ಟಿತ್ತು.

ಹುಡುಗಿಗೆ ಹತ್ತೊಂಬತ್ತು ತುಂಬಿದೆ. ಆದರೂ ಮನೆಮಂದಿಗೆಲ್ಲ ಅವಳು ಪಾಪುವೇ. ಪಾಪು ಹಾಡುತ್ತಾಳೆ. ಬೇಸಿಗೆಯ ದೊಡ್ಡ ಸಂಗೀತೋತ್ಸವದಲ್ಲಿ ಹೊಸ ದನಿಗಳಿಗೆಂದೇ ಒಂದು ವೇದಿಕೆ ಇರುತ್ತದೆ. ಆ ಸಲ ಅದಕ್ಕೆ ಇವಳನ್ನು ಆರಿಸಿದ್ದರು. ಹಾಡಲು ವೇದಿಕೆ ಕೊಟ್ಟ ಪುಣ್ಯಾತ್ಮರು ಮಲಗಲು ಒಂದು ಚಾಪೆಯ ಜಾಗ ಕೊಟ್ಟಿರಲಿಲ್ಲ.

ಊರಿಗೆ ಊರೇ ತುಂಬಿಹೋಗಿತ್ತು. ಹೋಟೆಲಿನವರು ಫೋನು ಎತ್ತಿ, ತಾರೀಖು ಕೇಳಿ, ನಕ್ಕು ಇಟ್ಟುಬಿಡುತ್ತಿದ್ದರು. ಒಂದು ಹೋಂಸ್ಟೇಯವನು ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನ ಪಕ್ಕದ ಜಾಗಕ್ಕೆ ಹೇಳಿದ ಬಾಡಿಗೆಯಲ್ಲಿ ನಾನು ಹೊಸ ಮಿಷನ್ನೇ ಕೊಳ್ಳಬಹುದಿತ್ತು. ಹುಡುಕಿ ಹುಡುಕಿ ಬೆರಳು ಸವೆದ ಮೇಲೆ ಪಾಪುವಿನ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಮನೆಯೊಳಗೇ ಕೋಣೆ, ಬಿಸಿನೀರು ಉಂಟು, ಹಾಡುವವರಿಗೆ ಆದ್ಯತೆ. ಬಾಡಿಗೆ ಉಳಿದ ಕಡೆಯ ಕಾಲುಭಾಗವೂ ಇರಲಿಲ್ಲ. ಅಭ್ಯಾಸಬಲದಿಂದ ನಾನು ಅದಕ್ಕೂ ಚೌಕಾಸಿ ಮಾಡಿದೆ. ಆಚೆ ಕಡೆಯ ಹೆಂಗಸು ಒಂದೇ ಮಾತಿಗೆ ಒಪ್ಪಿಕೊಂಡಳು. ನನ್ನ ಹೆದರಿಕೆ ಶುರುವಾದದ್ದು ಅಲ್ಲಿಂದಲೇ, ಯಾಕೆಂದರೆ ಒಂದೇ ಮಾತಿಗೆ ಒಪ್ಪುವವರನ್ನು ನಾನು ನಂಬುವುದಿಲ್ಲ.

ಗ್ಯಾರೇಜುಗಳ ಬೀದಿಯ ಹಿಂದೆ, ಎರಡು ಸೈಕಲ್ಲು ಎದುರಾದರೆ ಒಂದು ಇಳಿಯಬೇಕಾದ ಓಣಿಯಲ್ಲಿ ಆ ಮನೆಯಿತ್ತು. ಬಾಗಿಲು ತೆರೆದ ಮನೆಯಾಕೆ ನನ್ನ ವಯಸ್ಸಿನವಳೇ. ಮುಖದಲ್ಲಿ ನಗುವೆಂಬುದು ಮದ್ದಿಗೂ ಇರಲಿಲ್ಲ. ಆ ನಗುವನ್ನೆಲ್ಲ ಆಕೆಯ ಗಂಡನೇ ಇಟ್ಟುಕೊಂಡಂತಿದ್ದ. ಕಿಟಕಿಯ ಬಳಿ ಕುರ್ಚಿಯಲ್ಲಿ, ಬೇರೆ ಯಾರೋ ತಲೆ ಬಾಚಿ ಕೂರಿಸಿದಂತೆ ಕೂತಿದ್ದ ಆತ ನಮ್ಮನ್ನು ನೋಡಿ ನಗುತ್ತಿದ್ದ. ನಮಸ್ಕಾರ ಅಂದೆ, ಉತ್ತರವಿಲ್ಲ. ನಾವು ಹಜಾರ ದಾಟುವವರೆಗೂ ಆ ಕಣ್ಣು ನಮ್ಮ ಹಿಂದೆಯೇ ಬಂತು, ನಗುವೂ ಬಂತು.

"ಬಚ್ಚಲು ಅಲ್ಲಿ ಕೊನೇಲಿದೆ," ಎಂದಳು ಮನೆಯಾಕೆ. "ಬಿಸಿನೀರು ಯಾವಾಗ ಬೇಕಾದ್ರೂ ಬಿಟ್ಕೊಳ್ಳಿ. ಆದ್ರೆ ಒಳಗಿರೋವಷ್ಟು ಹೊತ್ತೂ ಹಾಡ್ತಿರಬೇಕು. ಜೋರಾಗಿ. ನನಗೆ ಕೇಳಿಸಬೇಕು."

ತಮಾಷೆಯೆಂದುಕೊಂಡು ನಾನು ನಕ್ಕೆ. ಆಕೆ ನಗಲಿಲ್ಲ.

"ಹಾಡೋಕೆ ಬರದೇ ಇದ್ದೋರು?"

"ತಣ್ಣೀರಲ್ಲಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಬಾಯಿಗೆ ಬಂದಿದ್ದು ಏನಾದ್ರೂ ಹೇಳ್ತಿರಿ. ನಡುವೆ ನಿಲ್ಲಿಸಬಾರದು, ಅಷ್ಟೇ."

"ಅದ್ಯಾಕೆ ಹಾಗೆ?"

"ಈ ಮನೇಲಿ ಹಾಗೇ," ಎಂದು ಹೇಳಿ ಆಕೆ ಅಡುಗೆಮನೆಗೆ ಹೋದಳು.

ನಾನು ಮೊದಲು ಬಚ್ಚಲನ್ನು ತಪಾಸಣೆ ಮಾಡಿದೆ. ಬಾಗಿಲಿಗೆ ಒಳಗಿನಿಂದ ಚಿಲಕವೇ ಇಲ್ಲ. ಚಿಲಕ ಕಿತ್ತ ಜಾಗದಲ್ಲಿ ಸ್ಕ್ರೂಗಳ ತೂತು ಮಾತ್ರ. ಗೋಡೆಯ ಮೇಲಿದ್ದ ಕಿಟಕಿಗೆ ಗಾಜಿಲ್ಲ, ಬಾಗಿಲಿಲ್ಲ, ಪರದೆಯೂ ಇಲ್ಲ. ಹಿತ್ತಲಲ್ಲಿ ಒಂದು ಸ್ಟೂಲು ಹಾಕಿಕೊಂಡರೆ ಯಾರು ಬೇಕಾದರೂ ಇಣುಕಬಹುದು. ಗ್ಯಾಸಿನ ಗೀಸರ್ ಒಂದು ಗೋಡೆಗೆ ನೇತುಬಿದ್ದಿತ್ತು. ಹೊರಗೆ, ಬಚ್ಚಲ ಬಾಗಿಲಿಗೆ ಮುಖಮಾಡಿ ಒಂದು ಕುರ್ಚಿ. ಬಚ್ಚಲಿನ ಎದುರು ಕುರ್ಚಿ ಹಾಕಿಕೊಂಡು ಕೂರುವವರ ಬಗ್ಗೆ ಏನೆಂದು ಯೋಚಿಸಬೇಕು, ನೀವೇ ಹೇಳಿ.

ಬಸ್ಸಿನ ಧೂಳು ಮೈತುಂಬ ಇತ್ತು, ಸ್ನಾನ ಮಾಡದೆ ವಿಧಿಯಿರಲಿಲ್ಲ. ನನ್ನ ಗಂಟಲಿನಿಂದ ಹಾಡು ಹೊರಟರೆ ಅಕ್ಕಪಕ್ಕದವರು ಕದನಕ್ಕೆ ಬಂದಾರು. ಹಾಗಾಗಿ ಮಗ್ಗಿ ಹೇಳಿದೆ. ಎರಡೊಂದ್ಲ ಎರಡರಿಂದ ಹಿಡಿದು, ಸೋಪು ಕಣ್ಣಿಗೆ ಹೋದರೂ ಬಿಡದೆ, ನಡುಗುವ ದನಿಯಲ್ಲಿ ಹೇಳುತ್ತಲೇ ಹೋದೆ. ಏಳರ ಮಗ್ಗಿಯ ನಡುವೆ ಲೆಕ್ಕ ತಪ್ಪಿ ಸುಮ್ಮನಾದೆ. ತಕ್ಷಣ ಮನೆಯಾಕೆ ಬಾಗಿಲು ದಬದಬ ಬಡಿದಳು.

"ಯಾಕೆ ನಿಲ್ಲಿಸಿದ್ರಿ? ಮಾತಾಡ್ರೀ!"

ಆ ದನಿ ಕೇಳಿ ನನ್ನ ಕೈಯ ತಂಬಿಗೆ ಜಾರಿ ಬಿತ್ತು. ಅರ್ಧ ಸೋಪಿನಲ್ಲೇ ಹೊರಗೆ ಓಡಿ ಬಂದೆ.

ಕೋಣೆಯಲ್ಲಿ ಪಾಪು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಇಲ್ಲೆಲ್ಲೋ ಕ್ಯಾಮೆರಾ ಇಟ್ಟಿದ್ದಾರೆ ಕಣೇ," ಎಂದೆ ಪಿಸುದನಿಯಲ್ಲಿ.

"ನಿನ್ನ ಮಗ್ಗಿ ನೋಡೋಕೆ ಯಾರು ಚಿಕ್ಕಮ್ಮ ಕ್ಯಾಮೆರಾ ಇಡ್ತಾರೆ?" ಎಂದವಳು ಆಮೇಲೆ ನಗು ನಿಲ್ಲಿಸಿದಳು. "ಆದ್ರೆ ಆ ಅಂಕಲ್ ನನ್ನನ್ನೇ ನೋಡ್ತಾರೆ. ಕಣ್ಣು ಮಿಟುಕಿಸೋದೂ ಇಲ್ಲ. ನಂಗೂ ಭಯ ಆಗತ್ತೆ."

ಬೇರೆ ಜಾಗಕ್ಕೆಂದು ಮತ್ತೆ ಎಲ್ಲರಿಗೂ ಫೋನು ಮಾಡಿದೆ. ನೀರಿನ ಟ್ಯಾಂಕಿನ ಪಕ್ಕದ ಜಾಗವೂ ಹೋಗಿತ್ತು. ಇಲ್ಲಿ ಇರಲು ಭಯ, ಹೋಗಲು ಜಾಗವಿಲ್ಲ. ಕೋಣೆಯ ಬಾಗಿಲಿಗೆ ಮಂಚ ಅಡ್ಡ ಎಳೆದು, ಪಾಪುವಿನ ಕೈ ಹಿಡಿದುಕೊಂಡೇ ಬೆಳಗು ಮಾಡಿದೆ.

ಮಾರನೆಯ ದಿನವೇ ಅವಳ ಸರದಿ, ಸಂಜೆಗೆ. ಬೆಳಗಿನಿಂದ ಅವಳು ಬಾಯಿಬಿಟ್ಟಿರಲಿಲ್ಲ. ವೇದಿಕೆ ಹತ್ತುವವರೆಗೂ ಗಂಟಲು ಉಳಿಸಿಕೊಳ್ಳಬೇಕಂತೆ, ಎಲ್ಲವೂ ಕೈಸನ್ನೆ. ಮಧ್ಯಾಹ್ನ ಬಿಸಿನೀರು ಬಿಟ್ಟುಕೊಂಡು ಹಬೆಯಲ್ಲಿ ಒಂದಷ್ಟು ಹೊತ್ತು ಕೂರಬೇಕು, ಅದರಿಂದ ದನಿ ತೆರೆಯುತ್ತದೆ ಎಂದು ಅವಳ ಮೇಷ್ಟ್ರು ಹೇಳಿ ಕಳಿಸಿದ್ದರು. ನಾನು ಸುಮ್ಮನಿರುತ್ತೇನೆಯೇ? ಮನೆಯಾಕೆ ಅಂಗಡಿಗೆ ಹೋದ ಸಮಯ ನೋಡಿ, ಬಟ್ಟೆಯ ಅಳತೆ ಕತ್ತರಿಸಲು ನಾನು ಚೀಲದಲ್ಲಿಟ್ಟುಕೊಂಡಿದ್ದ ಕಂದು ಕಾಗದವನ್ನು ಎರಡು ಪದರ ಮಾಡಿ ಬಚ್ಚಲಿನ ಕಿಟಕಿಗೆ ಅಂಟಿಸಿದೆ. ಒಂದು ಇರುವೆ ನುಗ್ಗಲೂ ಸಂದು ಬಿಡಲಿಲ್ಲ. ಪ್ರಯಾಣದಲ್ಲಿ ನನ್ನ ಚೀಲದಲ್ಲಿ ಯಾವಾಗಲೂ ಒಂದು ಮರದ ಬೆಣೆ ಇರುತ್ತದೆ. ಅದನ್ನು ಪಾಪುವಿನ ಕೈಗಿಟ್ಟು, ಬಾಗಿಲ ಕೆಳಗೆ ಒಳಗಿನಿಂದ ಹೇಗೆ ತುರುಕಬೇಕೆಂದು ತೋರಿಸಿದೆ.

"ಮತ್ತೆ ಹಾಡೋದು?" ಎಂದೆ.

ಅವಳು ತನ್ನ ಎದೆ ತಟ್ಟಿಕೊಂಡು, ನಾನು ನೋಡಿಕೊಳ್ಳುತ್ತೇನೆ ಎಂಬಂತೆ ಕಣ್ಣು ಹೊಡೆದು ಒಳಗೆ ಹೋದಳು.

ನಾನು ಹಜಾರದಲ್ಲಿ ಅವಳ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದೆ. ಅಷ್ಟರಲ್ಲಿ ಮನೆಯಾಕೆ ಅಂಗಡಿಯಿಂದ ಬಂದು, ಚೀಲ ಇಟ್ಟು, ಬಚ್ಚಲೆದುರಿನ ಆ ಕುರ್ಚಿಯಲ್ಲಿ ಕೂತಳು. ಒಳಗಿನಿಂದ ಪಾಪುವಿನ ಹಾಡು ಬರುತ್ತಿತ್ತು. ಪಾಪ, ಹೆದರಿಕೊಂಡು ಗಂಟಲನ್ನು ಇಲ್ಲೇ ಖರ್ಚು ಮಾಡುತ್ತಿದ್ದಾಳೆ ಎಂದು ನನಗೆ ಮನೆಯಾಕೆಯ ಮೇಲೆ ಸಿಟ್ಟು ಉಕ್ಕಿತು. ಆದರೂ ಎಂಥ ಹಾಡು! ಎಳೆ ಎಳೆಯಾಗಿ, ಎಲ್ಲೂ ತಡೆಯದೆ ಬರುತ್ತಿತ್ತು. ಮನೆಯಾಕೆಯ ಬಿಗಿದ ಭುಜ ಮೆಲ್ಲಗೆ ಇಳಿಯಿತು. ಮೊದಲ ಸಲ ಆಕೆಯ ಮುಖದಲ್ಲಿ ನಗುವಿನಂಥದ್ದೇನೋ ಕಂಡಿತು.

"ಎಷ್ಟು ಚೆನ್ನಾಗಿ ಹಾಡ್ತಾಳ್ರೀ ನಿಮ್ಮ ಹುಡುಗಿ. ಎಷ್ಟು ಹೊತ್ತಾದ್ರೂ ಕೇಳಬಹುದು."

ಹಾಡು ನಿಂತಿತು. ಆಕೆ ಬಡಿಯಲೆಂದು ಕೈ ಎತ್ತಿದಳು. ಆಗ ಬಚ್ಚಲೊಳಗಿನಿಂದ ಒಂದು ಹೆಂಗಸಿನ ದನಿ ಕೇಳಿತು.

"ಸಾಕು ಬಾರೇ ಪಾಪು, ಎಷ್ಟು ಹೊತ್ತು ಕಿರುಚ್ತೀಯ, ತಟ್ಟೆ ಹಾಕಿದ್ದೀನಿ, ಆರಿಹೋಗತ್ತೆ!"

ಅದು ನನ್ನ ದನಿ.

ಮನೆಯಾಕೆ ತಿರುಗಿ ನನ್ನ ಬಾಯಿ ನೋಡಿದಳು. ನನ್ನ ಬಾಯಿ ಮುಚ್ಚಿಕೊಂಡಿತ್ತು. ಆ ಕ್ಷಣ ನನಗೆ ಭೂತವೆಂದೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಒಳಗಿನ ನಾನು ಇನ್ನೊಮ್ಮೆ "ಬರ್ತೀಯಾ ಇಲ್ವಾ?" ಎಂದು ಗದರಿದೆ. ಪಾಪು "ಬಂದೇ, ಇದೊಂದು ಸಾಲು" ಎಂದು ನಕ್ಕಳು. ಹಾಡು ಮತ್ತೆ ಶುರುವಾಯಿತು. ಆಗ ತಲೆಗೆ ಹೊಳೆಯಿತು. ಮನೆಯಲ್ಲಿ ಅಭ್ಯಾಸ ಮಾಡುವಾಗ ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ಹಾಡುತ್ತಿದ್ದದ್ದು ಫೋನು.

"ಅದು ಅವಳಲ್ಲ," ಎಂದೆ. "ಫೋನು ಹಾಡ್ತಿದೆ. ಗಂಟಲು ಉಳಿಸೋಕೆ..."

ಮನೆಯಾಕೆಯ ಮುಖ ಬಿಳಿಚಿಕೊಂಡಿತು. ಆಕೆ ಬಾಗಿಲಿನ ಮೇಲೆ ಬಿದ್ದಳು. ಬಾಗಿಲು ಒಂದು ಬೆರಳಿನಷ್ಟು ಅಲ್ಲಾಡಿ ನಿಂತಿತು.

"ಚಿಲಕ ಇಲ್ಲ ಇದಕ್ಕೆ! ಏನು ಸಿಕ್ಕಿಸಿದ್ದಾಳೆ?"

"ಬೆಣೆ... ನಾನೇ ಕೊಟ್ಟೆ..."

"ಗೀಸರ್ ಉರಿದು ಬರೋ ವಿಷಗಾಳಿ ಕಣ್ರೀ! ವಾಸನೆ ಇಲ್ಲ, ಏನಿಲ್ಲ, ಹಾಗೇ ಮಲಗಿಸಿಬಿಡತ್ತೆ! ತಳ್ಳಿ! ಕಿಟಕಿಯೊಂದಾದ್ರೂ ತೆರೆದಿದೆ, ದೇವರ ದಯೆ."

ಆ ಕಿಟಕಿಗೆ ನಾನೇ ಕಾಗದ ಅಂಟಿಸಿದ್ದೆ. ಏನೋ ಹೇಳಿರಬೇಕು, ಇಲ್ಲವೇ ನನ್ನ ಮುಖವೇ ಹೇಳಿರಬೇಕು. ಆಕೆ ಹಿತ್ತಲಿಗೆ ಓಡಿದಳು. ಕಾಗದ ಪರ್ರನೆ ಹರಿದ ಸದ್ದು, ಏನೋ ಉರುಳಿದ ಸದ್ದು, ಗ್ಯಾಸಿನ ಸಿಲಿಂಡರಿನ ಕೀಲಿ ತಿರುಗಿಸಿದ ಸದ್ದು, ಎಲ್ಲ ಕೇಳಿತು. ನಾನು ಭುಜ ಕೊಟ್ಟು ಬಾಗಿಲು ತಳ್ಳುತ್ತಾ ಅವಳ ಹೆಸರು ಹಿಡಿದು ಕೂಗಿದೆ. ಪಾಪು ಎಂದಲ್ಲ, ಶಾಲೆಯಲ್ಲಿ ಬರೆಸಿದ ಪೂರ್ತಿ ಹೆಸರು. ಒಳಗೆ ಅವಳು ಸೊಗಸಾಗಿ ಹಾಡುತ್ತಲೇ ಇದ್ದಳು. ಆ ಹಾಡಿನಷ್ಟು ಭಯಂಕರವಾದ್ದನ್ನು ನಾನು ಬೇರೆ ಕೇಳಿಲ್ಲ.

ಮನೆಯಾಕೆ ವಾಪಸ್ಸು ಬಂದು ಜೊತೆಗೆ ತಳ್ಳಿದಾಗ ಬೆಣೆ ಒದ್ದೆ ನೆಲದ ಮೇಲೆ ಜಾರಿತು. ಹಬೆಯ ನಡುವೆ ಪಾಪು ಗೋಡೆಗೊರಗಿ ಕೂತಿದ್ದಳು, ತಲೆ ಎದೆಯ ಮೇಲೆ ಬಿದ್ದಿತ್ತು. ಕೆನ್ನೆ ಕೆಂಪಗೆ, ಎಂದೂ ಇಲ್ಲದಷ್ಟು ಆರೋಗ್ಯವಾಗಿ ಕಾಣುತ್ತಿತ್ತು. ನಾನು ಅಲ್ಲೇ ಅವಳನ್ನು ತಬ್ಬಿಕೊಳ್ಳಹೋದೆ. "ಉಸಿರು ಹಿಡಿದು ಹೊರಗೆ ಎಳೀರಿ, ಆಮೇಲೆ ಅಳಿ!" ಎಂದು ಮನೆಯಾಕೆ ಗದರಿದಳು. ಹಿತ್ತಲಿಗೆ ಎಳೆದು ತಂದು, ಇಸ್ತ್ರಿ ಹಾಕಿದ್ದ ಉಡುಪನ್ನೇ ಮೈಮೇಲೆ ಹೊದಿಸಿದೆ. ಮೂಗಿನ ಹತ್ತಿರ ಬೆರಳಿಟ್ಟರೆ ಉಸಿರು ಇದೆಯೋ ಇಲ್ಲವೋ ಎಂಬಷ್ಟು. ಆಂಬುಲೆನ್ಸು ಉತ್ಸವದ ಜನರ ನಡುವೆ ನುಸುಳಿ ಬರುವಷ್ಟರಲ್ಲಿ ನಾನು ಅರ್ಧ ಸತ್ತಿದ್ದೆ.

ಆಸ್ಪತ್ರೆಯಲ್ಲಿ ಅವಳ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದರು. "ಜೀವಕ್ಕೆ ಅಪಾಯ ಇಲ್ಲ," ಎಂದರು ಡಾಕ್ಟರು. ನಾನು ಕೈಮುಗಿಯುವ ಮೊದಲೇ, "ಆದ್ರೆ ಮೆದುಳಿಗೆ ಎಷ್ಟು ಹೊತ್ತು ಗಾಳಿ ಇರಲಿಲ್ಲ ಅನ್ನೋದು ಗೊತ್ತಿಲ್ಲ. ಎದ್ದು ಮಾತಾಡ್ಲಿ, ಆಮೇಲೆ ಹೇಳ್ತೀನಿ," ಎಂದು ಹೋದರು.

ಮನೆಯಾಕೆ ಕಾರಿಡಾರಿನಲ್ಲಿ ನನ್ನ ಪಕ್ಕ ಕೂತಿದ್ದಳು. ಹಿತ್ತಲಲ್ಲಿ ಕಿಟಕಿಗೆಂದು ಹತ್ತಿದ್ದ ಸ್ಟೂಲಿನಿಂದ ಬಿದ್ದು ಮೊಣಕೈ ತರಚಿ, ಅದಕ್ಕೆ ಪಟ್ಟಿ ಕಟ್ಟಿದ್ದರು.

"ನಮ್ಮ ಯಜಮಾನ್ರಿಗೂ ಅಲ್ಲೇ ಆಗಿದ್ದು," ಎಂದಳು. "ದಿನಾ ಹಾಡ್ಕೊಂಡು ಸ್ನಾನ ಮಾಡೋರು. ಒಂದಿನ ಹಾಡು ನಿಂತಿತು, ನಾನು ಸ್ನಾನ ಮುಗೀತು ಅಂದ್ಕೊಂಡು ಒಲೆ ಮುಂದೇನೇ ಇದ್ದೆ. ಆಮೇಲಿಂದ ಹಾಗೇ ಕೂತಿರ್ತಾರೆ, ನಗ್ತಾ. ಮಾತು ಹೋಯ್ತು. ಚಿಲಕ ಕಿತ್ತೆ, ಗಾಜು ಕಿತ್ತೆ. ಗೀಸರ್ ಬದಲಾಯಿಸೋಕೆ ಕೈಲಾಗಲಿಲ್ಲ."

"ಮೊದಲೇ ಹೇಳಬಾರದಿತ್ತಾ?" ನನ್ನ ದನಿ ಏರಿತು. "ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೇಳಿದ್ದೆ, ನಿಮಗಿಂತ ಮುಂಚೆ ಬಂದೋರಿಗೆ. ಚಪ್ಪಲಿ ಕೂಡ ಬಿಡದೆ ತಿರುಗಿ ಹೋದ್ರು."

ಬೈಯಲು ನನ್ನಲ್ಲಿ ಬೇಕಾದಷ್ಟು ಮಾತಿತ್ತು. ಆದರೆ ಕಾಗದ ಅಂಟಿಸಿದ ಅಂಟು ಇನ್ನೂ ನನ್ನ ಬೆರಳ ತುದಿಯಲ್ಲಿತ್ತು. ಕ್ಯಾಮೆರಾ, ಕಳ್ಳ, ಕಾಮುಕ, ಭೂತ, ಹೆದರಬೇಕಾದ್ದಕ್ಕೆಲ್ಲ ಹೆದರಿ ಮುಗಿಸಿದ್ದೆ. ಗೋಡೆಗೆ ನೇತುಬಿದ್ದಿದ್ದ ಆ ಡಬ್ಬಿಯನ್ನು ಮಾತ್ರ ಎರಡನೇ ಸಲ ನೋಡಿರಲಿಲ್ಲ. ನಾನು ಎದ್ದು ಪಾಪುವಿನ ಹತ್ತಿರ ಹೋದೆ.

ಅವಳ ಕಣ್ಣು ತೆರೆದಿತ್ತು.

"ಪಾಪು," ಎಂದೆ. ಅವಳು ನನ್ನನ್ನೇ ನೋಡಿದಳು. ಕಣ್ಣು ಮಿಟುಕಿಸಲಿಲ್ಲ. "ನಾನು ಕಣೇ, ಚಿಕ್ಕಮ್ಮ. ಏನಾದ್ರೂ ಹೇಳು." ಮುಖವಾಡದ ಹಿಂದೆ ಅವಳ ತುಟಿ ಸ್ವಲ್ಪ ಅಗಲವಾಯಿತು. ನಕ್ಕಳು. ಅಷ್ಟೇ. ಹಜಾರದ ಕಿಟಕಿಯ ಪಕ್ಕ ಕೂತಿದ್ದ ಆ ಗಂಡನ ನಗು ಅದು. ಹೇಗೆ ಕರೆದುಕೊಂಡು ಹೋದೆಯೋ ಹಾಗೇ ತಂದು ಬಿಡು ಎಂದಿದ್ದಳು ಅಕ್ಕ. ಮಂಚದ ಸರಳು ಹಿಡಿದುಕೊಂಡೆ. ಆಗಲೇ ನನ್ನ ಫೋನು ಬಡಿದುಕೊಂಡಿತು.

ಅಕ್ಕ. ಗಾಬರಿಯಲ್ಲಿ ಏನನ್ನೋ ಒತ್ತಿದೆ, ಅವಳ ದನಿ ಕೋಣೆಯೆಲ್ಲ ಕೇಳುವಂತೆ ಹೊರಗೇ ಬಂತು. "ಏನೇ, ಟೀವಿಲಿ ಉತ್ಸವ ತೋರಿಸ್ತಿದ್ದಾರೆ, ಬೀದಿಯೋರನ್ನೆಲ್ಲ ಕರೆದು ಕೂರಿಸಿದ್ದೀನಿ, ಇವಳ ಹೊತ್ತಿಗೆ ಯಾವಳೋ ಬೇರೆ ಹುಡುಗಿ ಬಂದು ಹಾಡ್ತಿದ್ದಾಳಲ್ಲೇ? ಪಾಪು ಎಲ್ಲಿ? ಮಾತಾಡೇ!"

ಅಕ್ಕನ ಹಿಂದೆ, ಟೀವಿಯಲ್ಲಿ, ಆ ಬೇರೆ ಹುಡುಗಿಯ ಹಾಡು ಸಣ್ಣಗೆ ಕೇಳುತ್ತಿತ್ತು. ಪಾಪುವಿನ ನಗು ಹೋಯಿತು. ಹುಬ್ಬು ಗಂಟಿಕ್ಕಿತು. ಸೂಜಿ ಚುಚ್ಚಿದ್ದ ಕೈಯನ್ನು ನಿಧಾನವಾಗಿ ಎತ್ತಿ ಅವಳು ಮುಖವಾಡವನ್ನು ಕೆಳಗೆಳೆದಳು.

"ಚಿಕ್ಕಮ್ಮ," ಎಂದಳು, ಮರಳು ಕೆರೆದಂಥ ದನಿಯಲ್ಲಿ. "ಅವಳು ಶ್ರುತಿ ಬಿಟ್ಟಿದ್ದಾಳೆ."

"ಯಾರೇ ಅದು? ಯಾರ ದನಿ ಅದು?" ಎಂದು ಅಕ್ಕ ಗಾಬರಿಯಿಂದ ಕೇಳುತ್ತಲೇ ಇದ್ದಳು. ನಾನು ಅಳುತ್ತಾ ಫೋನನ್ನು ಪಾಪುವಿನ ಬಾಯಿಯ ಹತ್ತಿರ ಹಿಡಿದೆ.