ಒಂಬತ್ತನೆಯ ಅಳತೆ

"ನಿಲ್ಲಿ, ನಿಲ್ಲಿ. ಇನ್ನೂ ಒಂದು ಕೂದಲೆಳೆಯಷ್ಟು ಹೊರಕ್ಕೆ ವಾಲ್ತಾ ಇದೆ," ಎಂದ ಮೇಸ್ತ್ರಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ.

ಎರಡು ಕೈಗಂಬಿಗಳ ನಡುವೆ ನಡೆಯುತ್ತಿದ್ದ ಟಪಾಲಿನಾಕೆ ನಿಂತಳು. ಅಪಘಾತವೊಂದರಲ್ಲಿ ಅವಳ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಆ ಜಾಗಕ್ಕೆ ಮೇಸ್ತ್ರಿ ಮಾಡಿದ ಕಾಲನ್ನು ಅವಳು ಹಾಕಿ ನೋಡುತ್ತಿದ್ದುದು ಇದು ಒಂಬತ್ತನೆಯ ಸಲ. ಹಿಂದಿನ ಎಂಟು ಸಲವೂ ಅದನ್ನು ಬಿಚ್ಚಿಕೊಟ್ಟು, ಊರುಗೋಲಿನ ಮೇಲೆಯೇ ಮನೆಗೆ ಮರಳಿದ್ದಳು.

ಕೃತಕ ಕಾಲು ಮಾಡುವ ಆ ಕಾರ್ಯಾಗಾರದಲ್ಲಿ ಅವನನ್ನು ಬೆನ್ನ ಹಿಂದೆ ಎಲ್ಲರೂ 'ಇನ್ನೊಂಚೂರು' ಎಂದೇ ಕರೆಯುತ್ತಿದ್ದರು. ಅದು ಅವನಿಗೂ ಗೊತ್ತಿತ್ತು; ಒಳಗೊಳಗೇ ಬಿರುದಿನ ಹಾಗೆ ಹಿತವಾಗಿಯೂ ಇತ್ತು. ಬೇರೆ ಕೆಲಸಗಾರರು ಮೂರೇ ಅಳತೆಗೆ ಕಾಲು ಮುಗಿಸಿ ಕೈತೊಳೆದುಕೊಳ್ಳುತ್ತಿದ್ದರು. ಅವರ ಕೆಲಸ ನೋಡಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ನಡೆಯೋಕಾದ್ರೆ ಸಾಕು ಬಿಡಿ" ಎಂದು ಯಾರಾದರೂ ಅಂದರೆ ಆ ದಿನವೆಲ್ಲ ಅವರ ಮುಖ ನೋಡುತ್ತಿರಲಿಲ್ಲ. ಮನೆಯಲ್ಲೂ ಅದೇ ಕಥೆ. ಹೆಂಡತಿ ಮಡಿಸಿಟ್ಟ ಬಟ್ಟೆಯನ್ನು ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಿಸುತ್ತಿದ್ದ. ಅವಳು ಬಟ್ಟೆ ಮಡಿಸುವುದನ್ನೇ ಬಿಟ್ಟು ಹನ್ನೆರಡು ವರ್ಷವಾಗಿತ್ತು.

ಹೀಗಾಗುವುದಕ್ಕೆ ಕಾರಣವಿರಲಿಲ್ಲ ಎಂದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೇಲಿನವರ ಅವಸರಕ್ಕೆ ಮಣಿದು ಒಂದು ಕಾಲನ್ನು ಪೂರ್ತಿ ಪರೀಕ್ಷಿಸದೆ ಕಳಿಸಿಕೊಟ್ಟಿದ್ದ. ಆ ಮನುಷ್ಯನಿಗೆ ಒಳಗೆ ಉಜ್ಜಿ ಗಾಯವಾಗಿ, ಗಾಯ ಕೊಳೆತು, ಕೊನೆಗೆ ಮೊಣಕಾಲನ್ನೂ ತೆಗೆಯಬೇಕಾಯಿತು. ಅಂದಿನಿಂದ ಅವನ ಕೈಯಿಂದ ಅರೆಬರೆ ಕೆಲಸ ಹೊರಗೆ ಹೋಗಿರಲಿಲ್ಲ.

"ಬಿಚ್ಚಿಕೊಡಿ. ಎರಡು ವಾರ ಬಿಟ್ಟು ಗುರುವಾರ ಬನ್ನಿ," ಎಂದು ಮೇಸ್ತ್ರಿ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡ.

"ಬಿಚ್ಚಲ್ಲ."

ಅವನು ತಪ್ಪು ಕೇಳಿಸಿತೇನೋ ಎಂಬಂತೆ ತಲೆಯೆತ್ತಿದ.

"ಬಿಚ್ಚಲ್ಲ ಅಂದೆ ಸಾರ್. ಸೋಮವಾರ ನಾನು ಕೆಲಸಕ್ಕೆ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನನ್ನ ಬೀದಿಗಳನ್ನ ಬೇರೆಯವ್ರಿಗೆ ಕೊಟ್ಟು, ನನ್ನನ್ನ ಮನೆಗೆ ಕಳಿಸ್ತಾರೆ. ಮೊದಲನೇ ದಿನವೇ ಹೇಳಿದ್ದೆ, ನೆನಪಿದ್ಯಾ?"

ಮೇಸ್ತ್ರಿಗೆ ನೆನಪಿರಲಿಲ್ಲ. ಮೊದಲ ದಿನ ಅವಳ ಮೊಂಡುಗಾಲಿನ ಸುತ್ತಳತೆ ಎಷ್ಟಿತ್ತು ಎಂದು ಕೇಳಿದ್ದರೆ ಕಣ್ಣುಮುಚ್ಚಿ ಹೇಳುತ್ತಿದ್ದ.

"ನೀವು ನನ್ನ ಹೆಜ್ಜೆ ಸದ್ದು ಕೇಳಿಸ್ಕೋತೀರಿ, ನನ್ನ ಮಾತು ಕೇಳಿಸ್ಕೊಳ್ಳಲ್ಲ," ಎಂದಳು ಅವಳು. ಕಂಬಿ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

ಅವನಿಗೂ ಸಿಟ್ಟು ನೆತ್ತಿಗೇರಿತು. "ಯಾರಿಗೋಸ್ಕರ ಮಾಡ್ತಿದೀನಿ ಅಂದ್ಕೊಂಡ್ರಿ? ಊಟ ಬಿಟ್ಟು ಅರ ಹಿಡ್ಕೊಂಡು ಉಜ್ಜಿದೀನಿ. ಅವಸರ ಮಾಡಿದ್ರೆ ಏನಾಗುತ್ತೆ ಗೊತ್ತಾ? ಹಿಂದೆ ಒಬ್ಬರಿಗೆ..."

"ಮೊಣಕಾಲು ಹೋಯ್ತು. ಗೊತ್ತು. ನಾಕು ಸಲ ಹೇಳಿದೀರಿ. ಅವರಿಗೆ ಅನ್ಯಾಯ ಆಯ್ತು, ನಿಜ. ಅದರ ಶಿಕ್ಷೆ ನನಗ್ಯಾಕೆ ಸಾರ್?"

ಪಕ್ಕದ ಮೇಜಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದವರ ಕೈ ನಿಂತಿತು.

"ಮೂರನೇ ಸಲ ಇದು ಸರಿಯಾಗೇ ಕೂತಿತ್ತು," ಅವಳು ಬಿಡಲಿಲ್ಲ. "ನೋವಿರ್ಲಿಲ್ಲ, ಏನಿರ್ಲಿಲ್ಲ. ಕೊಡಿ ಅಂತ ಕೇಳ್ದೆ, ಕೊಡ್ಲಿಲ್ಲ. ಆಮೇಲೆ ನನ್ನ ಕಾಲು ಸಣ್ಣಗಾಗ್ತಾ ಬಂತು. ನೀವು ಸರಿಮಾಡ್ತಾ ಹೋಗೋದು, ಅದು ಬದಲಾಗ್ತಾ ಹೋಗೋದು. ಜೀವ ಇರೋ ಕಾಲು ಸಾರ್ ಇದು."

"ಮೂರನೇ ಸಲ ದೋಷ ಇತ್ತು. ಸುಮ್ಮನೆ ಕೊಡದೆ ಇಟ್ಕೊಳ್ಳೋನಲ್ಲ ನಾನು. ಬರೆದಿಟ್ಟಿದೀನಿ, ನೋಡಿ ಬೇಕಾದ್ರೆ!"

ದಡದಡನೆ ಕಪಾಟಿನ ಬಳಿ ಹೋಗಿ ಅವಳ ಕಡತ ತೆಗೆದ. ಅವನ ದಾಖಲೆಗಳಲ್ಲಿ ಒಂದು ಚಿತ್ತು ಕೂಡ ಇರುತ್ತಿರಲಿಲ್ಲ. ಮೂರನೆಯ ಅಳತೆಯ ಹಾಳೆ ಹಿಡಿದು, ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿ ಓದತೊಡಗಿದ. "ನೋವಿಲ್ಲ. ಚರ್ಮ ಕೆಂಪಾಗಿಲ್ಲ. ನಡಿಗೆ ನೇರವಾಗಿದೆ. ಹೆಬ್ಬೆರಳಿನ..."

ಅಲ್ಲಿಗೆ ನಿಲ್ಲಿಸಿದ.

"ಹೆಬ್ಬೆರಳಿನ ಏನು?" ಕೇಳಿದಳು.

ಅವನು ಹಾಳೆಯನ್ನೇ ನೋಡುತ್ತಿದ್ದ.

"ಓದಿ ಸಾರ್. ನನ್ನ ಕಾಲು ತಾನೇ."

"ಹೆಬ್ಬೆರಳಿನ ಉಗುರು ಸಹಜವಾಗಿ ಕಾಣುತ್ತಿಲ್ಲ. ತಿದ್ದಬೇಕು." ಅವನ ದನಿ ಅವನಿಗೇ ಕೇಳಿಸದಷ್ಟು ಇಳಿದಿತ್ತು.

"ಉಗುರಾ?"

ಅವಳು ಕೆಳಗೆ ನೋಡಿದಳು. ನಯವಾದ ಆ ಪಾದದ ತುದಿಯಲ್ಲಿ ಐದು ಉಗುರುಗಳು, ಒಂದಕ್ಕಿಂತ ಒಂದು ಚಂದ. ಯಾರೋ ತಡೆಯಲಾರದೆ ಕಿಸಕ್ಕೆಂದರು. ಅವಳು ನಗಲಿಲ್ಲ.

"ನಾನು ದಿನಾ ಬೂಟು ಹಾಕ್ಕೊಳ್ಳೋಳು," ಎಂದಳು. "ಒಂದು ಉಗುರಿಗೋಸ್ಕರ ಮೂರು ತಿಂಗಳು ನನ್ನ ಮಗಳು ನನ್ನನ್ನ ಬಚ್ಚಲಿಗೆ ಹಿಡ್ಕೊಂಡು ಹೋಗಿದಾಳೆ. ಹನ್ನೊಂದು ವರ್ಷದ ಹುಡುಗಿ."

ಮೇಸ್ತ್ರಿ ಹಾಳೆಯನ್ನು ಕಡತದೊಳಗೆ ಸೇರಿಸಿದ. ಸಿಟ್ಟು ಮಾತ್ರ ಇನ್ನೂ ಎದೆಯಲ್ಲಿ ಕುದಿಯುತ್ತಲೇ ಇತ್ತು, ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದಲ್ಲಿ ಕೂತು ಕಾಲು ಬಿಚ್ಚಿಸಿದ. ಅವಳು ಗಾಬರಿಯಿಂದ ಅದನ್ನು ಎದೆಗೆ ಅವಚಿಕೊಂಡಾಗ, "ಕಿತ್ಕೊಳ್ಳಲ್ಲಮ್ಮ," ಎಂದ. ಮೊಂಡುಗಾಲನ್ನು ಬೆಳಕಿಗೆ ತಿರುಗಿಸಿ ನೋಡಿದ. ಚರ್ಮ ಎಲ್ಲೂ ಕೆಂಪಾಗಿರಲಿಲ್ಲ. ಸಡಿಲ ತುಂಬಲು ಇನ್ನೊಂದು ದಪ್ಪನೆಯ ಕಾಲುಚೀಲ ಏರಿಸಿ, ಕಾಲನ್ನು ಮತ್ತೆ ತೊಡಿಸಿದ.

"ಹೇಗಿದೆ?"

ಅವಳು ಎದ್ದು ಭಾರ ಹಾಕಿದಳು. "ನಂದು ಅನ್ಸುತ್ತೆ."

"ಕೆಂಪಾದ್ರೆ ಅವತ್ತೇ ಬನ್ನಿ. ಗುರುವಾರ ಅಂತ ಕಾಯ್ಬೇಡಿ."

'ಕೆಲಸ ಪೂರ್ಣ' ಎಂಬ ಸಾಲಿನ ಎದುರು ಸಹಿ ಹಾಕುವಾಗ ಪೆನ್ನು ಜಾರಿ, ಕೊನೆಯ ಅಕ್ಷರ ಗೆರೆಯಿಂದ ಕೆಳಗಿಳಿಯಿತು. ಬೇರೆ ಹಾಳೆಗೆ ಕೈ ಚಾಚಿದವನು ಅದನ್ನು ಮುಟ್ಟದೆ ಕಡತ ಮುಚ್ಚಿದ.

ಅವಳು ಥ್ಯಾಂಕ್ಸ್ ಹೇಳಲಿಲ್ಲ. ಊರುಗೋಲನ್ನು ಕಂಕುಳಿಗೆ ಕೊಡದೆ, ಕೈಯಲ್ಲಿ ಛತ್ರಿಯಂತೆ ಹಿಡಿದು ಮೆಟ್ಟಿಲಿಳಿದಳು. ಎಡಹೆಜ್ಜೆ ಬಲಹೆಜ್ಜೆಗಿಂತ ತುಸು ಜೋರಾಗಿ ಬೀಳುತ್ತಿತ್ತು. ಕಿಟಕಿಯ ಬಳಿ ನಿಂತ ಮೇಸ್ತ್ರಿಯ ಕಿವಿ ಅದನ್ನು ಹಿಡಿಯದೆ ಬಿಡಲಿಲ್ಲ. ಅವನು ಕಿಟಕಿಯ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ.

ರಸ್ತೆಯಾಚೆ ಬಸ್ ನಿಲ್ದಾಣದಲ್ಲಿ ಅವಳು ಅತ್ತಿತ್ತ ನೋಡಿದಳು. ತನ್ನನ್ನು ಯಾರೂ ಗಮನಿಸುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಬಲಗಾಲನ್ನು ಮೆಲ್ಲನೆ ನೆಲದಿಂದ ಮೇಲೆತ್ತಿ, ಹೊಸ ಕಾಲೊಂದರ ಮೇಲೆಯೇ ನಿಂತಳು.