ಕಣ್ಣಿನ ಹಿಂದಿನ ಪರದೆ

ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಕತ್ತಲೆ ಬಿಟ್ಟರೆ ನನಗೆ ಬೇರೇನೂ ಕಾಣದಂತಾಗಿತ್ತು. ನಮ್ಮನೆಯವರು, ಹೂವಯ್ಯ, ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿಸಿ ಆಗುಂಬೆ ಘಾಟಿ ಇಳಿಸಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಪೊರೆ ದಪ್ಪವಾಗಿದ್ದರಿಂದ ಟಾರ್ಚು ಬಿಟ್ಟರೂ ಡಾಕ್ಟರಿಗೆ ಒಳಗಿನದು ಕಾಣಲಿಲ್ಲ. ಆಗಷ್ಟೇ ಒಂದು ಹೊಸ ಮಿಷನ್ನು ಬಂದಿತ್ತು. ಮುಚ್ಚಿದ ರೆಪ್ಪೆಗೆ ತಣ್ಣನೆಯ ಅಂಟು ಬಳಿದು, ಅದರ ಮೇಲೆ ಏನನ್ನೋ ಒತ್ತಿ ಆಡಿಸಿದರು. ಶಬ್ದದಿಂದಲೇ ಕಣ್ಣಿನ ಹಿಂದಿನ ಪರದೆಯ ಚಿತ್ರ ತೆಗೆಯುತ್ತದಂತೆ. ಪರದೆ ಸರಿಯಿದ್ದರೆ ಆಪರೇಷನ್. ಹರಿದಿದ್ದರೆ ಮಾಡಿಯೂ ದಂಡ.

ನನ್ನನ್ನು ಹೊರಗೆ ಕೂರಿಸಿ ಡಾಕ್ಟರು ನಮ್ಮನೆಯವರೊಬ್ಬರನ್ನೇ ಒಳಗೆ ಕರೆದರು.

"ಪರದೆ ಹರಿದು ಹೋಗಿದೆಯಂತೆ ವರದಾ," ಎಂದರು ಹೊರಗೆ ಬಂದು. ಸ್ವಲ್ಪ ಅತ್ತರು ಕೂಡ. ನಾನೇ ಸಮಾಧಾನ ಮಾಡಿದೆ, ಪೆದ್ದಿ.

ಆಮೇಲೆ ಅವರು ನನ್ನನ್ನು ನೋಡಿಕೊಂಡದ್ದು ಸುಳ್ಳಲ್ಲ. ತಲೆ ಬಾಚಿದರು, ಮೀನಿನ ಮುಳ್ಳು ಬಿಡಿಸಿ ತುತ್ತಿಟ್ಟರು. ದೇವರಂಥಾ ಗಂಡ ಎಂದಿತು ಊರು. ನಾನೂ ಎಂದೆ.

ಕೆಲವು ವರ್ಷ ಕಳೆದು ಹೊಸನಗರದ ಶಾಲೆಯಲ್ಲಿ ಕಣ್ಣಿನ ಕ್ಯಾಂಪು ನಡೆಯಿತು. "ತೋರ್ಸಿದ್ರೆ ಗಂಟೇನು ಹೋಗ್ತದೆ ಮಾರಾಯ್ತಿ?" ಎಂದು ಪಕ್ಕದ ಮನೆ ದುಗ್ಗಮ್ಮ ಬೆನ್ನು ಬಿದ್ದಳು. ಅವಳೆದುರು ಬೇಡ ಎನ್ನಲಾರದೆ ಇವರೇ ಕರೆತಂದರು.

ಡಾಕ್ಟರು ಮೇಲೆ, ಕೆಳಗೆ, ಆಚೆ, ಈಚೆ ಟಾರ್ಚು ಹಿಡಿದು ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕೇಳಿದರು. ಒಂದೂ ತಪ್ಪದೆ ಹೇಳಿದೆ.

"ಇಷ್ಟು ದಿನ ಯಾಕಮ್ಮಾ ಬರ್ಲಿಲ್ಲ?"

"ಪರದೆ ಹರಿದಿದೆ ಅಂತ ಮಿಷನ್ನಲ್ಲೇ ಬಂದಿತ್ತಲ್ಲ."

"ಹರಿದಿದ್ರೆ ಇಷ್ಟು ಸರಿಯಾಗಿ ಗೊತ್ತಾಗ್ತಿರಲಿಲ್ಲ. ಯಾರು ಹೇಳಿದ್ದು?"

ಹೊರಗಿನ ಬೆಂಚಿನಲ್ಲಿ ಕೂತ ಮೇಲೆ ಇವರನ್ನು ಕೇಳಿದೆ. "ಘಾಟಿ ಕೆಳಗಿನ ಡಾಕ್ಟ್ರು ಅವತ್ತು ಎಂತ ಹೇಳಿದ್ರು? ನಿಜ ಹೇಳಿ."

"ಪರದೆ ಚೆನ್ನಾಗಿದೆ, ಆಪರೇಷನ್ ಮಾಡಿದ್ರೆ ಕಾಣ್ತದೆ ಅಂದ್ರು."

"ಮತ್ತೆ ನೀವು?"

"ಕಣ್ಣಿದ್ದಾಗ ಒಂದಿನನಾದ್ರೂ ನನ್ನ ಮನುಷ್ಯ ಅಂತ ನೋಡಿದ್ಯಾ ನೀನು? ಕೂತ್ರೆ ತಪ್ಪು, ನಿಂತ್ರೆ ತಪ್ಪು. ಕಣ್ಣು ಹೋದ್ಮೇಲೆ 'ಎಲ್ಲಿದೀರಿ, ಎಲ್ಲಿದೀರಿ' ಅಂತ ನೀನೇ ನನ್ನ ಹುಡುಕ್ತಿದ್ದೆ. ನಂಗೆ ಅದು ಬೇಕಿತ್ತು."

ನನ್ನ ನಾಲಿಗೆ ಉದ್ದವೇ, ಇಲ್ಲವೆನ್ನುವುದಿಲ್ಲ. ಅದಕ್ಕೆ ಅವರು ತಿರುಗಿ ಬೈಯಬಹುದಿತ್ತು, ನನ್ನನ್ನು ಬಿಟ್ಟು ಹೋಗಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅವರು ಇಟ್ಟ ತುತ್ತುಗಳೆಲ್ಲ ನೆನಪಾಗಿ ಬೆಂಚಿನ ಆ ತುದಿಗೆ ಸರಿದು ಕೂತೆ.

ನರ್ಸು ಬಂದು ನಾಳೆಯೇ ಆಪರೇಷನ್ ಎಂದಳು, ಹೆಸರು ಬರೆದುಕೊಂಡಳು. "ಜೊತೆಗೆ ಯಾರಿದಾರಮ್ಮ?"

ಇವರು ಎದ್ದು ನಿಂತ ಸದ್ದಾಯಿತು. "ನಾನಿದೀನಿ, ಇವಳ..."

"ಯಾರೂ ಇಲ್ಲಮ್ಮ," ಎಂದೆ. "ಒಬ್ಳೇ ಅಂತ ಬರ್ಕೊ."