ಪಾಲಿಗೆ ಬಂದ ಒಂದು ರಿಮೋಟು

ಆದೋನಿಯ ಹತ್ತಿ ಸಾವ್ಕಾರರ ಮನೆಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದು ಹೊಸ ಸುದ್ದಿಯೇನಲ್ಲ. ಆದರೆ ಬಸವಪ್ರಸಾದ ಮತ್ತವನ ತಮ್ಮ ವಾಗೀಶ ಬೇರೆಯಾದ ದಿನ ನಡೆದಂಥ ಪಾಲು ಆ ಊರಲ್ಲಿ ಹಿಂದೆ ಆಗಿರಲಿಲ್ಲ, ಮುಂದೆ ಆಗುವುದೂ ಬೇಡ.

ಪಾಲು ಮಾಡಲು ಕೂತವರು ಮನೆತನದ ಹಿರಿಯ ಮಲ್ಲಯ್ಯನವರು. ನ್ಯಾಯವಂತ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಎರಡಿದ್ದದ್ದು ಒಂದೊಂದು, ಒಂದೇ ಇದ್ದದ್ದಕ್ಕೆ ಚೀಟಿ, ಇದು ಅವರ ಕ್ರಮ. ಹಂಡೆ, ಬೀರು, ಜಮಖಾನ ಎಲ್ಲ ಹೀಗೇ ಹೋದವು. ಕಡೆಗೆ ಟೀವಿ ಕೆಳಗಿನಿಂದ ಒಂದು ಪೆಟ್ಟಿಗೆ ಹೊರಬಂತು. ವಾಗೀಶ ಮದುವೆಗೆ ಮುಂಚೆ ಬಳ್ಳಾರಿಯಿಂದ ತಂದಿದ್ದ ವಿಡಿಯೋ ಗೇಮು. ಪೆಟ್ಟಿಗೆ ಒಂದು, ಅದಕ್ಕೆ ವೈರಿನಲ್ಲಿ ಜೋತುಬಿದ್ದ ರಿಮೋಟು ಎರಡು. ಮಲ್ಲಯ್ಯನವರು ತಿರುಗಿಸಿ ಮುರುಗಿಸಿ ನೋಡಿದರು. ಪೆಟ್ಟಿಗೆಗೆ ಚೀಟಿ ಎತ್ತಿಸಿದರು, ಅದು ಅಣ್ಣನಿಗೆ ಬಂತು. "ಇವು ಎರಡದಾವ, ಒಂದೊಂದು ತಗಳ್ರಿ" ಎಂದು ರಿಮೋಟು ಕಿತ್ತು ಆಚೆಗೊಂದು ಈಚೆಗೊಂದು ಇಟ್ಟರು.

ಪೆಟ್ಟಿಗೆ ಇಲ್ಲದ ರಿಮೋಟು ತಗೊಂಡು ತಮ್ಮ ಏನು ಮಾಡಬೇಕು, ಉಪ್ಪು ಹಾಕಿ ನೆಕ್ಕಬೇಕೇ? ಕೂತಿದ್ದ ಗಂಡಸರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ಇಬ್ಬರು ಸೊಸೆಯರಿಗೆ ಹೊಳೆಯಿತು. ಬಸವಪ್ರಸಾದನ ಹೆಂಡತಿ ಭುವನಾ ದೊಡ್ಡವಳು, ವಾಗೀಶನ ಹೆಂಡತಿ ಗಂಗೋತ್ರಿ ಸಣ್ಣವಳು. ಇಬ್ಬರೂ ಮುಖ ಮುಖ ನೋಡಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡರು. ಅವರಿಬ್ಬರೂ ಕೂಡಿ ನಕ್ಕದ್ದು ಅದೇ ಕೊನೆ.

ಯಾಕೆ ನಕ್ಕರೆಂದರೆ, ಆ ಆಟ ಆಡುತ್ತಿದ್ದವರು ಅವರೇ. ವಾಗೀಶನಿಗೆ ಅದು ನಾಲ್ಕು ದಿನದ ಹುಚ್ಚು. ಗಂಡಸರು ಮಾರ್ಕೆಟ್ ಯಾರ್ಡಿಗೆ ಹೋಗಿ, ಅತ್ತೆ ಉಂಡು ಮಲಗಿದರೆಂದರೆ ನಡುಮನೆ ಇವರಿಬ್ಬರದು. ಆಟವೇನು ಘನಂದಾರಿಯದಲ್ಲ. ಟೊಪ್ಪಿಗೆ ಹಾಕಿದ ಕರಡಿ, ಉಬ್ಬುಹಲ್ಲಿನ ಮೊಲ, ಕೊಬ್ಬಿದ ಬಾತುಕೋಳಿ, ಇಂಥ ಕಾರ್ಟೂನ್ ಪ್ರಾಣಿಗಳು ಪುಟಾಣಿ ಕಾರುಗಳಲ್ಲಿ ಕೂತು ಒಂದನ್ನೊಂದು ತಳ್ಳಾಡುತ್ತ ಓಡುತ್ತವೆ. ದಾರಿಯಲ್ಲಿ ಕೆಂಪು ಚೆಂಡು ಸಿಕ್ಕರೆ ಎತ್ತಿ ಮುಂದಿನವರ ಬೆನ್ನಿಗೆ ಎಸೆಯಬಹುದು.

ಗಂಗೋತ್ರಿ ಪತ್ತಿಕೊಂಡದವಳು, ಟಮಾಟಿ ಮಾರ್ಕೆಟ್ಟಿನ ಊರಿನ ಹುಡುಗಿ. ಬಾಯಲ್ಲಿ ತೆಲುಗೇ ಹೆಚ್ಚು. ಮದುವೆಯಾಗಿ ಬಂದ ಹೊಸದರಲ್ಲಿ ಕನ್ನಡಕ್ಕೆ ಅಂಜಿ ಅಡುಗೆಮನೆಯ ಮೂಲೆ ಹಿಡಿದಿದ್ದವಳನ್ನು ಭುವನಾ ಕೈ ಹಿಡಿದು ಎಳೆತಂದು ಟೀವಿ ಮುಂದೆ ಕೂರಿಸಿದ್ದಳು. ಬಾತುಕೋಳಿ ಗಂಗೋತ್ರಿಯದು, ಮೊಲ ಭುವನಾಳದು. ಟೊಪ್ಪಿಗೆಯ ಕರಡಿಗೆ ಮಾವನವರು ಎಂದು ಹೆಸರಿಟ್ಟಿದ್ದರು. "ಅಕ್ಕಾ, ಮಾವನವರು ಗುಂಡ್ಯಾಗ ಬಿದ್ರು" ಎಂದು ಗಂಗೋತ್ರಿ ಪಿಸುಗುಟ್ಟಿದರೆ ಭುವನಾಳಿಗೆ ಹೊಟ್ಟೆ ಹಿಡಿದು ನಗು. ಹಳ್ಳ ದಿಣ್ಣೆಯ ಹಾದಿ ಬಂದರೆ ಅದು ಹಾಲಹರವಿ ರೋಡು, ಯಾಕೆಂದರೆ ಭುವನಾಳ ತವರು ಆ ಕಡೆ. ಕೆಂಪು ಚೆಂಡು ಪತ್ತಿಕೊಂಡದ ಟಮಾಟಿ. "ನಮ್ಮೂರ ಟಮಾಟಿ ತಗೋ ಅಕ್ಕಾ" ಎಂದು ಹಿಂದಿನಿಂದ ಬಡಿಯುತ್ತಿದ್ದಳು. "ಹಾಳಾದಾಕಿ, ಬೆನ್ನಿಗೆ ಹೊಡೀತಿ ಏನ" ಎಂದು ಭುವನಾ ಬಯ್ಯುತ್ತಿದ್ದಳು. ಭುವನಾಳಿಗೆ ಬಯ್ಯದೆ ಆಡಲು ಬರುತ್ತಲೇ ಇರಲಿಲ್ಲ.

ಪಾಲಾದ ಮರುವಾರವೇ ನಡುಮನೆಗೆ ಅಡ್ಡ ಗೋಡೆ ಬಂತು, ಒಂದೇ ಇಟ್ಟಿಗೆ ದಪ್ಪದ್ದು. ಜಗಳವೆಲ್ಲ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನದು, ಅಣ್ಣತಮ್ಮಂದಿರದು. ಆದರೆ ಬಸವಪ್ರಸಾದ ಸಿಟ್ಟಿನ ಭರದಲ್ಲಿ ಹೆಂಡತಿಯನ್ನು ದೇವರ ಮನೆಗೆ ಕರೆದು ಲಿಂಗ ಮುಟ್ಟಿಸಿ ಆಣೆ ತಗೊಂಡ. ಆ ಮನೆಯ ಹೊಸ್ತಿಲು ತುಳಿಯಬಾರದು, ಆ ಮನೆಯವರೊಂದಿಗೆ ಮಾತಾಡಬಾರದು. ಲಿಂಗ ಮುಟ್ಟಿದ ಮೇಲೆ ಮುಗಿಯಿತು. ಬೀದಿಯಲ್ಲಿ ಗಂಗೋತ್ರಿ ಎದುರಾದರೆ ಭುವನಾ ತಲೆ ತಗ್ಗಿಸಿ ಹೋಗುತ್ತಿದ್ದಳು. ಮೊದಮೊದಲು ಗಂಗೋತ್ರಿ ನಿಂತು ನೋಡುತ್ತಿದ್ದಳು. ಆಮೇಲೆ ಅವಳೂ ತಲೆ ತಗ್ಗಿಸಿದಳು. ವರ್ಷಗಳು ಹಾಗೇ ಹೋದವು. ಅತ್ತೆ ಮಾವ ತೀರಿಕೊಂಡರು. ಭುವನಾಳ ಮಗಳು ಬೆಳೆದು ಕರ್ನೂಲಿನ ಹಾಸ್ಟೆಲ್ ಸೇರಿದಳು. ಗಂಡ ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಮಧ್ಯಾಹ್ನಗಳು ಮಾತ್ರ ಭುವನಾಳಿಗೆ ಕಳೆಯುತ್ತಿರಲಿಲ್ಲ. ಗೋಡೆಯಾಚೆ ಪಾತ್ರೆ ಸದ್ದಾದರೆ ಕಿವಿ ಅಲ್ಲಿಗೇ ಹೋಗುತ್ತಿತ್ತು.

ಹೀಗಿರಲು ಒಂದು ದಿನ ಎದುರು ಮನೆಯ ಬಸವಕ್ಕ ಬಂದು ಕಟ್ಟೆಗೆ ಕೂತಳು. ಊರ ಸುದ್ದಿಯೆಲ್ಲ ಮೊದಲು ಅವಳ ಕಿವಿಗೆ ಬಿದ್ದು ಆಮೇಲೆ ಬೇರೆಯವರಿಗೆ. "ನಿಮ್ ಮೈದುನ ಮನಿ ಮಾರ್ಯಾನಂತಲ್ಲವ್ವ. ಪತ್ತಿಕೊಂಡಕ್ಕ ಹೊಂಟಾರಂತ, ಹೆಂಡ್ತಿ ಅಪ್ಪನ ಅಂಗಡಿ ನೋಡ್ಕಣಾಕ. ಈ ಅಮಾಸಿ ಮುಗದ ಕೂಡ್ಲೇ ಲಾರಿ ಬರ್ತೈತಂತ."

ಇಷ್ಟು ವರ್ಷ ಗಂಗೋತ್ರಿ ಗೋಡೆಯಾಚೆಯಾದರೂ ಇದ್ದಳಲ್ಲ, ಒಂದಲ್ಲ ಒಂದು ದಿನ ಸರಿಹೋದೀತು ಎಂಬ ಒಂದು ಆಸೆಯ ಎಳೆ ಹಿಡಿದು ಭುವನಾ ಕೂತಿದ್ದಳು. ಈಗ ಅದೂ ಹರಿದುಹೋಗುತ್ತದೆ. ಹೋಗುವ ಮುಂಚೆ ಒಂದೇ ಒಂದು ಸಲ ಗಂಗೋತ್ರಿ ಬಂದು ಪಕ್ಕದಲ್ಲಿ ಕೂರಬೇಕು. ಅಷ್ಟೇ ಬೇಕಿತ್ತು ಅವಳಿಗೆ. ಆದರೆ ಕರೆಯುವುದು ಹೇಗೆ? ಆಣೆ ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು.

ಅಟ್ಟದ ಮೇಲಿಂದ ಆಟದ ಪೆಟ್ಟಿಗೆ ಇಳಿಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ ಅವಳಿಗೆ ಹೊಳೆದಿತ್ತು. ಹೊಸ್ತಿಲು ತುಳಿಯಬಾರದು, ಮಾತಾಡಬಾರದು ಎಂದಷ್ಟೇ ಆಣೆ. ಟೀವಿ ಸದ್ದು ಮಾಡಬಾರದು ಎಂದು ಯಾರು ಹೇಳಿದ್ದರು?

ಹೊಸ ಟೀವಿಗೆ ಹಳೆಯ ವೈರು ಕೂಡಲಿಲ್ಲ. ರಿಪೇರಿ ಅಂಗಡಿಯ ಆಂಜಿನಪ್ಪ ಬಂದು ನಡುವೆ ಏನೋ ಒಂದು ಡಬ್ಬಿ ಹಚ್ಚಿ ಕೊಟ್ಟ. "ಅಕ್ಕಾರ, ಇದು ಮ್ಯೂಜಿಯಮ್ಮಿನಾಗ ಇಡೋ ಮಾಲು. ಯಾರು ಆಡ್ತಾರ?" ಎಂದು ಕೇಳಿದ. "ನಾನೇ" ಎಂದಳು. ಅವನು ನಗಲೋ ಬೇಡವೋ ಎಂದು ನೋಡಿ, ಚಹಾ ಕುಡಿದು ಹೋದ.

ಪೆಟ್ಟಿಗೆಯೊಳಗೆ ಆಟದ ಸಿಡಿ ಕರಕರ ತಿರುಗಿತು. ಒಂದು ಗಳಿಗೆ ಪರದೆ ಕಪ್ಪಗಿದ್ದು, ಆಮೇಲೆ ಆಟ ಶುರುವಾಗುವಾಗಿನ ಅದೇ ಹಳೆಯ ಪೀಪಿ ತುತ್ತೂರಿ ಹಾಡು ಬಂತು. ಅಂಗೈಯಗಲದ ಹಳೆ ಚಿತ್ರವನ್ನು ಗೋಡೆಯಗಲ ಹಿಗ್ಗಿಸಿ, ಹೊಸ ಟೀವಿ ಅದರ ಮಾನ ಕಳೆದಿತ್ತು. ಮೊಲದ ಮುಖ ಇಟ್ಟಿಗೆ ಪೇರಿಸಿದಂತೆ ಚೌಕ ಚೌಕ. ಅಂದು ಸಮುದ್ರವೇ ಎಂದುಕೊಂಡಿದ್ದ ನೀರು ಬರೀ ನೀಲಿ ಬಳಿದ ಹಲಗೆ. ಆದರೂ ಕೈ ಮರೆತಿರಲಿಲ್ಲ. ಯಾವ ತಿರುವಿನಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು, ಹೆಬ್ಬೆರಳು ತಾನಾಗಿ ಮಾಡಿತು. ಇಬ್ಬರ ಆಟ ಒತ್ತಿ ನೋಡಿದಳು. ಎರಡನೇ ರಿಮೋಟು ಹಚ್ಚಿ ಎಂದು ಇಂಗ್ಲಿಷಿನಲ್ಲಿ ಬರೆದು ಆಟ ಅಲ್ಲೇ ನಿಂತುಬಿಟ್ಟಿತು. ಹಚ್ಚಬೇಕಾದದ್ದು ಗೋಡೆಯಾಚೆ ಇತ್ತು.

ಸರಿ, ಒಬ್ಬಳೇ ಆಡಿದಳು. ಉಳಿದ ಪ್ರಾಣಿಗಳನ್ನೆಲ್ಲ ಮಷೀನೇ ಓಡಿಸಿತು, ಬಾತುಕೋಳಿಯನ್ನೂ. ಭುವನಾ ಟೀವಿಯ ಸೌಂಡು ತುದಿಗೆ ಏರಿಸಿ ದಿನಾ ಮಧ್ಯಾಹ್ನ ಅದೇ ಆಟ ಹಚ್ಚಿದಳು. ಮೊದಲೆರಡು ದಿನ ಮೂಗಿಯಂತೆ ಆಡಿದಳು. ಮೂರನೇ ದಿನ ಬಾತುಕೋಳಿ ಹಿಂದಿನಿಂದ ಟಮಾಟಿ ಹೊಡೆಯಿತು. "ಹಾಳಾದಾಕಿ, ನಿನ್ನ ಕೈ ಸೇದಿಹೋಗಲಿ" ಎಂದು ಬಾಯಿ ತಾನಾಗಿ ಬಯ್ದಿತು. ಬಯ್ದ ಮೇಲೆ ನಗು ಬಂತು. ನಕ್ಕ ಮೇಲೆ ಅಳು ಬಂತು, ಆದರೆ ಅಳುವಿಗೆ ಸದ್ದಿರಲಿಲ್ಲ. ಅಲ್ಲಿಂದ ಮುಂದೆ ದಿನವೂ ಬಾತುಕೋಳಿಯೊಂದಿಗೆ ಜಗಳ. ಬಯ್ಯುವಳು, ಗೇಲಿ ಮಾಡುವಳು, ಗೆದ್ದರೆ ಚಪ್ಪಾಳೆ ತಟ್ಟುವಳು. ಒಂದೊಂದು ಆಟ ಮುಗಿದಾಗಲೂ ಬಾಗಿಲ ಕಡೆ ನೋಡುವಳು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಗೋಡೆಯಾಚೆ ಮೊದಲು ಬರುತ್ತಿದ್ದ ಪಾತ್ರೆಯ ಸದ್ದೂ ಈಗ ನಿಂತಿತ್ತು.

ಅಮಾವಾಸ್ಯೆ ಬಂತು, ಹೋಯಿತು. ನಾಳೆಯೇ ಲಾರಿ ಎಂದು ಬಸವಕ್ಕ ಹೇಳಿ ಹೋದಳು. ಆ ಸಂಜೆ ಗಂಡನಿಗೆ ರೊಟ್ಟಿ ಬಡಿಸುತ್ತ ಭುವನಾ ತಡೆಯಲಾರದೆ ಕೇಳಿಯೇಬಿಟ್ಟಳು. "ರೀ, ಅವರು ನಾಳಿಗೆ ಹೋಗ್ತಾರಂತ. ಒಂದ್ ಮಾತು ಆಡಿ ಬರ್ಲಾ?"

ಬಸವಪ್ರಸಾದ ರೊಟ್ಟಿ ಮುರಿಯುತ್ತ, "ಹೋಗಿ ಬಾ, ಅದ್ಕೇನು ನನ್ನ ಕೇಳ್ತಿ" ಎಂದ.

"ನಿಮಗ ಸಿಟ್ಟಿಲ್ಲೇನು?"

"ಏ, ಯಾವಾಗಿನ ಮಾತದು. ವಾಗೀಶ ನಾನು ಯಾರ್ಡಿನಾಗ ದಿನಾ ಕೂಡೇ ಚಾ ಕುಡೀತೀವಿ. ಆ ಮನಿಗೆ ಗಿರಾಕಿ ತಂದಾವ ನಾನೇ."

ಭುವನಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಮತ್ತ ನನ್ನ ಆಣಿ?"

"ಯಾವ ಆಣಿ?" ಎಂದ. ನಾಟಕವಲ್ಲ, ನಿಜವಾಗಿ ಮರೆತಿದ್ದ. ಪಲ್ಯ ಇನ್ನಷ್ಟು ಹಾಕು ಎಂದು ತಟ್ಟೆ ಮುಂದೆ ಸರಿಸಿದ.

ನೋಡಿ ಇವರ ಕಾರಭಾರ. ಜಗಳ ಆಡಿದವರು ಅವರು, ಮರೆತವರೂ ಅವರು, ನಡುವೆ ಅದನ್ನು ಕಾಯುವ ಕೆಲಸಕ್ಕೆ ಮಾತ್ರ ಹೆಂಗಸು. ಹೊಲ ಮಾರಿದ ಮೇಲೂ ಕಾವಲುಗಾರನಿಗೆ ಹೇಳದೆ ಬಿಟ್ಟ ಹಾಗಾಯಿತು. ಭುವನಾ ಪಲ್ಯ ಹಾಕಲಿಲ್ಲ. ಸೌಟು ಪಾತ್ರೆಯಲ್ಲಿ ಬಿಟ್ಟು ಸೀದಾ ಹೊರಗೆ ಬಂದಳು. ಆಚೆ ಬಾಗಿಲಿಗೆ ಬೀಗ. ನೆಂಟರ ಮನೆ ಊಟಕ್ಕೆ ಹೋಗಿದ್ದಾರೆ ಎಂದು ಯಾರೋ ಅಂದರು.

ಬೆಳಗ್ಗೆ ಅವಳು ಹೋಗುವ ಹೊತ್ತಿಗೆ ಲಾರಿ ತುಂಬಿ ಹಗ್ಗ ಬಿಗಿಯುತ್ತಿದ್ದರು. ಗಂಗೋತ್ರಿ ಒಳಗೆ ಬರಿದಾದ ನಡುಮನೆಯಲ್ಲಿ ನಿಂತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಹೊಸ್ತಿಲಲ್ಲಿ ಭುವನಾಳನ್ನು ಕಂಡು ಸೆರಗು ಸರಿಮಾಡಿಕೊಂಡಳು. ಆಮೇಲೆ "ಬಾ ಅಕ್ಕ" ಎಂದಳು.

ಭುವನಾ ಹೊಸ್ತಿಲು ದಾಟಿದಳು. "ನಾ ಆಟ ಹಚ್ಚಿದ್ದು ಕೇಳಿಸ್ತೇನ ನಿನಗ?"

"ಕೇಳದೇ ಏನು. ಈ ಗೋಡಿಗೆ ಒರಗಿ ಕುಂತು ದಿನಾ ಕೇಳ್ದೆ. ಬೈತಿದ್ದಿ, ನಗ್ತಿದ್ದಿ. ಅಕ್ಕಗ ಆಡಾಕ ಬ್ಯಾರೆ ಯಾರೋ ಸಿಕ್ಕಾರ ಅಂತ ತಿಳ್ಕಂಡೆ. ಹೊಟ್ಟಿ ಉರೀತು, ಸುಳ್ಳು ಯಾಕ ಹೇಳ್ಲಿ. ಹೋಗೋ ಹೊತ್ತಿನಾಗ ನನಗ ಕೇಳಿಸಿ ಆಡ್ತಾಳಲ್ಲ ಅಂತ ಕಣ್ಣೀರು ಹಾಕ್ದೆ."

"ಯಾರೂ ಇರ್ಲಿಲ್ಲ ಗಂಗೂ. ಬಾತುಕೋಳಿನ್ನ ಬೈತಿದ್ದೆ. ಮಷೀನು ಓಡಸ್ತೈತಿ ಅದನ್ನ. ನೀ ಬರ್ಲಿ ಅಂತ ಸೌಂಡ್ ಇಡ್ತಿದ್ದೆ. ಮಾತಾಡಬಾರದು ಅಂತ ನಿಮ್ ಭಾವ ಲಿಂಗ ಮುಟ್ಟಿಸಿದ್ರು ನನ್ನ."

ಗಂಗೋತ್ರಿ ಅವಳನ್ನೇ ನೋಡಿದಳು. "ನನಗ ಯಾರೂ ಯಾವ ಆಣಿನೂ ಹಾಕಿಲ್ಲ. ಅಣ್ಣತಮ್ಮ ಯಾರ್ಡಿನಾಗ ಮಾತಾಡ್ತಾರ ಅಂತ ನಮ್ಮನಿಯವ್ರು ಹೇಳ್ತಿದ್ರು. ಗಂಡಸ್ರು ಕೂಡ್ಯಾರ, ಅಕ್ಕ ಮಾತ್ರ ನನ್ನ ಬಿಟ್ಟಾಳ ಅನ್ಕೊಂಡೆ. ದೊಡ್ಡಾಕಿ ನೀನು. ನೀ ಕರೀದೆ ನಾ ಹೆಂಗ ಬರ್ಲಿ? ಒಂದ್ಸಲ ಹೆಸರು ಹಿಡದು ಕರದಿದ್ರ ಸಾಕಿತ್ತು."

ಹೊರಗೆ ಲಾರಿ ಹಾರನ್ನು ಹೊಡೆಯಿತು. ವಾಗೀಶ ಬಾಗಿಲಲ್ಲಿ ಮುಖ ತೋರಿಸಿ, "ವೈನಿ, ಚಲೋ ಅದೀರಾ?" ಎಂದು ಕೇಳಿ, ನಿನ್ನೆ ಮೊನ್ನೆ ಕಂಡವನಂತೆ ಹೋದ.

"ರಿಮೋಟು ಐತಾ?" ಎಂದು ಕೇಳಿದಳು ಭುವನಾ. ಕೇಳಬೇಕಾದದ್ದು ಬೇರೆ ಎಷ್ಟೋ ಇತ್ತು. ಬಾಯಿಗೆ ಬಂದದ್ದು ಅದೇ.

"ಐತಿ. ಯಾವ ಚೀಲದಾಗ ಹೋಗೇತೋ ಏನೋ. ಪೋನೀಲೆ ಅಕ್ಕಾ, ಬಿಡು" ಎಂದು ಗಂಗೋತ್ರಿ ಬಗ್ಗಿ ಅವಳ ಕಾಲು ಮುಟ್ಟಿದಳು. ಎದ್ದಾಗ ಕಣ್ಣು ತುಂಬಿತ್ತು. ಒರೆಸಿಕೊಳ್ಳದೆ ಹೋಗಿ ಲಾರಿಯ ಹಿಂದಿದ್ದ ಕಾರು ಹತ್ತಿದಳು.

ಭುವನಾ ಬೀದಿಯಲ್ಲಿ ನಿಂತಳು. ಲಾರಿ ಹೋಯಿತು, ಕಾರೂ ಹೋಯಿತು, ಮಸೀದಿಯ ತಿರುವಿನಲ್ಲಿ ಧೂಳು ಇಳಿಯಿತು. ಆಮೇಲೆ ಅವಳು ಗಂಟಲು ತೆರೆದು, ಓಣಿಯೆಲ್ಲ ಕೇಳುವ ಹಾಗೆ ಕರೆದಳು. "ಗಂಗೂ."

ಎದುರು ಕಟ್ಟೆಯಿಂದ ಬಸವಕ್ಕ ತಲೆ ಎತ್ತಿದಳು. "ಯಾರ್ನ ಕರೀತಿಯವ್ವ, ಆಕಿ ಹೋದ್ಳಲ್ಲ."

"ಗೊತ್ತೈತಿ" ಎಂದಳು ಭುವನಾ. ಮತ್ತೊಮ್ಮೆ ಕರೆದಳು.